ಕೆಂಪು ಶಲ್ಯ, ಭಾಗ ಮೂರು

ಕೆಂಪು ಶಲ್ಯ ಹೊದ್ದವರಿಗೆ ಹಾರುವ ಶಕ್ತಿ ಬರುತ್ತಿತ್ತು. ಆದರೆ ಅವರ ಕಥೆ ಸಿನಿಮಾ ಆಗಿ, ತೆರೆಯ ಮೇಲೆ ಸತ್ತರೆ, ನಿಜಕ್ಕೂ ಸಾಯುತ್ತಿದ್ದರು. ಗೊತ್ತಿದ್ದೂ ಜನ ಟಿಕೆಟ್ಟಿಗೆ ಮುಗಿಬೀಳುತ್ತಿದ್ದರು. ಮೊದಲ ಭಾಗಕ್ಕೆ ಪಂಕಜಮ್ಮನ ಮಾವ ಬಲಿಯಾದರು, ಎರಡನೆಯದಕ್ಕೆ ಗಂಡ. ಈಗ ಶಲ್ಯ ಮಗಳು ಭಾರ್ಗವಿಯ ಹೆಗಲೇರಿತ್ತು.

ಮುಹೂರ್ತದ ದಿನ ಕ್ಯಾಮೆರಾಕ್ಕೆ ಪೂಜೆಯಾಯಿತು, ಕಾಯಿ ಒಡೆದರು. ಕ್ಲಾಪ್ ಮಾಡಲು ವಾಡಿಕೆಯಂತೆ ಮನೆಯ ಹಿರಿಯಳನ್ನೇ ಕರೆದರು. ಪಂಕಜಮ್ಮ ಕ್ಲಾಪ್ ಹಲಗೆಯನ್ನು ಎದೆಗವಚಿಕೊಂಡು ನಿಂತುಬಿಟ್ಟಳು.

"ಇವಳೊಬ್ಬಳನ್ನ ಬಿಟ್ಟುಬಿಡಿ ಸಾರ್, ನಿಮ್ಮ ಕಾಲಿಗೆ ಬೀಳ್ತೀನಿ."

"ಕೊನೇಲಿ ಜನ ಅಳಬೇಕಲ್ಲಮ್ಮ," ಎಂದ ನಿರ್ದೇಶಕ.

ಪಂಕಜಮ್ಮ ಮಗಳ ಹೆಗಲಿಂದ ಶಲ್ಯ ಕಿತ್ತು ತಾನೇ ಹೊದ್ದಳು. "ಹಾಗಾದ್ರೆ ನನ್ನನ್ನ ಸಾಯ್ಸಿ!"

ನಿರ್ದೇಶಕನ ಮುಖ ಅರಳಿತು. "ಎಂಥಾ ಕ್ಲೈಮ್ಯಾಕ್ಸ್ ಅಮ್ಮ! ಹಾಗೇ ಮಾಡೋಣ. ಮಗಳು ನಾಲ್ಕನೇ ಭಾಗಕ್ಕಿರಲಿ."