ಅಣ್ಣನ ಹಿಮ್ಮಡಿಯ ಉರಿ

ಬೆನ್ನುಹುರಿಗೆ ಪೆಟ್ಟು ಬಿದ್ದು ಸ್ಪರ್ಶ ಕಳೆದುಕೊಂಡವರ ಕಾಲಿನ ನೋವನ್ನು ಮನೆಯವರೊಬ್ಬರ ಕಾಲಿಗೆ ಕಟ್ಟಿಕೊಡುವುದು ಆ ಊರಿನ ಆಸ್ಪತ್ರೆಯಲ್ಲಿ ಲಸಿಕೆ ಹಾಕಿದಷ್ಟೇ ಮಾಮೂಲು. ಇಪ್ಪತ್ತೆಂಟನೆಯ ವಯಸ್ಸಿನಲ್ಲಿ ಲೈಟಿನ ಕಂಬದಿಂದ ಬಿದ್ದ ಗುರುಪಾದಪ್ಪನ ನೋವನ್ನು ತಂಗಿ ನೀಲವ್ವ ಹೊತ್ತಿದ್ದಳು. ಮೂವತ್ತೈದು ವರ್ಷ ಎದುರುಮನೆಯಿಂದಲೇ ಕೂಗುತ್ತ ಬಂದಿದ್ದಳು: “ಅಣ್ಣಾ, ನಿನ್ನ ಹಿಮ್ಮಡಿ ಉರಿಯಾಕತ್ತೈತಿ. ಹೊಳ್ಳಿ ಮಲಗು, ನನಗ ರೊಟ್ಟಿ ಬಡಿಯಾಕ ಬಿಡು.”

ಹತ್ತು ದಿನದಿಂದ ಕೂಗು ಬಂದಿರಲಿಲ್ಲ. ಕಾಲು ಚೆನ್ನಾಗಿದೆಯೆಂದು ಅವನೂ ನೆಮ್ಮದಿಯಾಗಿದ್ದ. ಇವತ್ತು ಕಾಲು ತೊಳೆಯುವಾಗ ನೀರು ಕೆಂಪಾಯಿತು. ಕನ್ನಡಿ ಹಿಡಿದು ನೋಡಿದರೆ ಹಿಮ್ಮಡಿಯಲ್ಲಿ ಹುಣಸೆಬೀಜದಷ್ಟು ಹುಣ್ಣು.

ಕರೆದ ಕೂಡಲೇ ನೀಲವ್ವ ರಸ್ತೆ ದಾಟಿ ಬಂದಳು. ಬಗ್ಗಿ ಹುಣ್ಣು ನೋಡಿದಳು.

“ನನಗೇನೂ ಗೊತ್ತಾಗಲಿಲ್ಲಲ್ಲಣ್ಣಾ.”

“ಇನ್ನೊಂದು ಚಪ್ಪಲಿ ಎಲ್ಲಿ?”

ಅವಳು ಕೆಳಗೆ ನೋಡಿಕೊಂಡಳು. ಎಡಗಾಲಿನ ಚಪ್ಪಲಿ ರಸ್ತೆಯ ನಡುವೆ ಬಿದ್ದಿತ್ತು. ಕಳಚಿದ್ದು ಅವಳಿಗೆ ತಿಳಿದೇ ಇರಲಿಲ್ಲ.

“ನಿನ್ನ ಸಕ್ಕರಿ ಕಾಯಿಲೆ ಕಾಲಿಗೂ ಇಳದೈತಿ,” ಎಂದ.

“ಹಂಗಾರ ನಿನ್ನ ನೋವು ಬ್ಯಾರೆ ಯಾರಿಗರ ಕಟ್ಟಸು.”

“ಅರವತ್ಮೂರು ವರ್ಷದ ಕಾಲು ಯಾರು ತಗೋತಾರ? ನೀನಾದ್ರೂ ಬೈಕೋತ ಹೊತ್ತಿ. ಕೂಡು, ಕಾಲು ಇಲ್ಲಿಡು.”

ನೀಲವ್ವ ಎದುರಿಗೆ ಕುಳಿತು ಅವನ ತೊಡೆಯ ಮೇಲೆ ಎಡಗಾಲು ಇಟ್ಟಳು. ಇಟ್ಟದ್ದು ಅವಳಿಗೂ ತಿಳಿಯಲಿಲ್ಲ, ಅವನಿಗೂ ತಿಳಿಯಲಿಲ್ಲ. ಇಬ್ಬರೂ ಬಗ್ಗಿ ಕನ್ನಡಿಯಲ್ಲಿ ನೋಡಿದರು. ಅವಳ ಅಂಗಾಲಿನಲ್ಲಿ ಒಂದು ಮುಳ್ಳಿತ್ತು, ಎಷ್ಟು ದಿನದ್ದೋ.