ಅಳಿಯನ ಪ್ರಶ್ನೆ

ಗುರುಪಾದಯ್ಯನವರು ಮಠದಲ್ಲಿ ಬಹುಕಾಲದಿಂದ ವೇದಾಂತದ ಪ್ರವಚನ ಹೇಳುತ್ತ ಬಂದವರು. ಅಳಿಯ ಸೋಮಯ್ಯ ಕುಡಿದ ಅಮಲಿನಲ್ಲಿ ಅವರ ಒಬ್ಬಳೇ ಮಗಳು ನೀಲಾಂಬಿಕೆಯ ಕತ್ತು ಹಿಸುಕಿ ಕೊಂದಾಗಲೂ ಅವರ ಕಣ್ಣಲ್ಲಿ ನೀರು ಬರಲಿಲ್ಲ. ಹೆಣದ ಮೇಲೆ ಬಿದ್ದು ಹೊರಳಾಡುತ್ತಿದ್ದ ಹೆಂಡತಿಯನ್ನು ಹಿಡಿದೆಬ್ಬಿಸಿ, "ಅದು ಬರೇ ಮೈ. ನಮ್ಮ ನೀಲಾ ಅದರಾಗ ಇಲ್ಲ. ಆಕಿಗೆ ಸಾವ ಇಲ್ಲ," ಎಂದಿದ್ದರು. ಊರವರು ಅವರ ಸ್ಥೈರ್ಯ ಕಂಡು ಕಾಲಿಗೆ ಬಿದ್ದರು. ಹೆಂಡತಿ ಮಾತ್ರ ಅಂದಿನಿಂದ ಅವರೊಡನೆ ಮಾತು ಬಿಟ್ಟಳು.

ಮಳೆಗಾಲ ಕಳೆದ ಮೇಲೆ ಅಳಿಯ ಜೈಲಿನಿಂದ ಹೇಳಿಕಳಿಸಿದ. ಅವರು ಹೋದರು.

ಜಾಲರಿಯ ಆಚೆ ನಿಂತ ಸೋಮಯ್ಯ ಎಲುಬಿನ ಗೂಡಾಗಿದ್ದ. "ಮಾಮಾ, ಕಣ್ಣ ಮುಚ್ಚಿದ್ರ ಆಕಿ ಮಾರಿ ಬರ್ತದ. ನಿದ್ದಿ ಇಲ್ಲ. ಉಂಡದ್ದು ಒಳಗ ನಿಲ್ಲೂದಿಲ್ಲ."

"ಯಾಕ ಕರಿಸಿದಿ?"

"ನಿಮ್ಮ ಪ್ರವಚನಕ್ಕ ನಾನೂ ಬಂದು ಕುಂತಾಂವ. ಮೈ ಸಾಯ್ತದ, ಆತ್ಮ ಸಾಯೂದಿಲ್ಲ ಅಂತ ಹೇಳ್ತಿದ್ರಿ. ಅದು ಖರೇ ಏನ್ರಿ?"

ಸೋಮಯ್ಯ ಮುಂದೆ ಬಾಗಿ ಜಾಲರಿ ಹಿಡಿದುಕೊಂಡ.

"ಖರೇ ಇದ್ರ, ನಾ ಆಕೀನ್ನ ಕೊಂದಂಗ ಆಗಲಿಲ್ಲ ಅಲ್ರಿ? ಆಕಿ ಎಲ್ಲೋ ಅದಾಳ ಅಂತ ನಿಮ್ಮ ಬಾಯಿಲೆ ಒಂದ ಸಲ ಹೇಳಿಬಿಡ್ರಿ. ಇವತ್ತರ ಮಲಗ್ತೀನಿ."

ಜಾಲರಿ ಹಿಡಿದಿದ್ದ ಅವನ ಬೆರಳುಗಳನ್ನೇ ನೋಡುತ್ತ ಗುರುಪಾದಯ್ಯ ಹತ್ತಿರ ಬಂದರು.

"ಇಲ್ಲ," ಎಂದರು. "ಆಕಿ ಎಲ್ಲೂ ಇಲ್ಲ. ನನ್ನ ಮಗಳು ಸತ್ತ ಹೋಗ್ಯಾಳ."