ಬೆಟ್ಟಕ್ಕೆ ಹಿಡಿಸದಿದ್ದರೆ

ಜಾವಾದ ಆ ಬೆಟ್ಟದೂರಿನಲ್ಲಿ ಹಬ್ಬದ ದಿನ ಮೊದಲ ಬೆಳೆಯನ್ನೂ ಕೋಳಿಗಳನ್ನೂ ಅಗ್ನಿಪರ್ವತದ ಬಾಯಿಗೆ ಎಸೆಯುವುದು ಹಿಂದಿನಿಂದ ಬಂದ ಪದ್ಧತಿ. ಹಿಡಿಸದ್ದನ್ನು ಬೆಟ್ಟವು ಕೊಟ್ಟವರ ಮನೆಯ ಮೇಲೇ ವಾಪಸು ಎಸೆಯುವುದು ಮಾತ್ರ ಈಚಿನದು. ಕಳೆದ ವರ್ಷ ಆ ಊರಿನ ವಾಗಿಯೆಮ್ ಎಂಬಾಕೆ ಕೊಟ್ಟ ಹುಳುಕು ಎಲೆಕೋಸು ಹೆಂಚು ಒಡೆದುಕೊಂಡು ಬಂದು ಸಾರಿನ ಪಾತ್ರೆಗೇ ಬಿದ್ದಿತ್ತು.

ಈ ವರ್ಷ ಬೆಟ್ಟದ ಬಾಯಿಗೆ ಅವಳ ಗಂಡ ಸಾರ್ಮಿನ್‌ನೇ ಬಿದ್ದ. ಜನ ಎಸೆದ ಕೋಳಿಗಳನ್ನು ನಡುವೆಯೇ ಹಿಡಿಯಲು ಎಂದಿನಂತೆ ಬಲೆಯೊಂದಿಗೆ ಅಂಚಿಗೆ ಇಳಿದಿದ್ದವನು, ಬಲೆ ಬೀಸುವುದು ಹೇಗೆಂದು ಪಕ್ಕದವನಿಗೆ ಪಾಠ ಹೇಳುತ್ತಲೇ ಜಾರಿದ.

"ಅಳಬೇಡಿ ವಾಗಿಯೆಮ್ ಅಕ್ಕ," ಎಂದಳು ನೆರೆಮನೆಯ ಕಾಸಿಯಾತಿ.

"ಯಾರು ಅಳ್ತಿರೋದು? ಆ ಮನುಷ್ಯನ ಜೊತೆ ಇಷ್ಟು ವರ್ಷ ಬಾಳಿದೀನಿ. ಬೆಟ್ಟ ಒಂದು ಗಳಿಗೆನೂ ಇಟ್ಕೊಳ್ಳಲ್ಲ," ಎನ್ನುತ್ತ ವಾಗಿಯೆಮ್ ನಡುಮನೆಯಲ್ಲಿ ದಪ್ಪ ಹಾಸಿಗೆ ಹಾಸಿದಳು.

ಸಂಜೆಯಾಯಿತು. ಕಾಸಿಯಾತಿಯ ಮನೆಗೆ ಕೊಳೆತ ಕುಂಬಳಕಾಯಿ ವಾಪಸು ಬಂತು. ಸಾರ್ಮಿನ್ ಬರಲಿಲ್ಲ. ವಾಗಿಯೆಮ್ ಕಾಫಿ ಕಾಯಿಸಿದಳು, ಆರಿತು, ಮತ್ತೆ ಕಾಯಿಸಿದಳು. ಬೆಟ್ಟಕ್ಕೆ ಇವನು ನಿಜವಾಗಿ ಹಿಡಿಸಿಬಿಟ್ಟನೇ ಎಂದು ಅನ್ನಿಸಿದ್ದೇ ತಡ, ಅವಳು ಬಾಗಿಲಿಗೆ ಹೋಗಿ ಬೆಟ್ಟದ ಕಡೆ ನೋಡಿದಳು.

ಅಷ್ಟರಲ್ಲಿ ಹೆಂಚು ಒಡೆದು ಸಾರ್ಮಿನ್ ಹಾಸಿಗೆಯ ಮೇಲೆ ದೊಪ್ಪನೆ ಬಿದ್ದ. ಮೈಯೆಲ್ಲ ಬೂದಿ, ಕೈಯಲ್ಲಿ ಬಲೆ, ಬಲೆಯಲ್ಲಿ ಕಾಸಿಯಾತಿ ಅರ್ಪಿಸಿದ ಕೋಳಿ.

"ಇಷ್ಟು ಹೊತ್ತು ಏನ್ ಮಾಡ್ತಿದ್ರಿ?" ಎಂದಳು ಅವಳು, ಸೆರಗಿನಲ್ಲಿ ಮುಖ ಒರೆಸಿಕೊಂಡು.

"ಬೆಟ್ಟ ನನ್ನ ಇಟ್ಕೊಳ್ಳೋಣ ಅಂತಲೇ ಇತ್ತು ಕಣೆ. ಹೊಗೆ ಹೇಗೆ ಬಿಡಬೇಕು ಅಂತ ಸ್ವಲ್ಪ ಹೇಳಿಕೊಟ್ಟೆ, ಅಷ್ಟೆ."